ಮನೆಮಾತು ಮತ್ತು ಮಗುವಿನ ತಪಾಸಣೆ: ಸೊಲ್ಲಾಪುರ–ಅಕ್ಕಲಕೋಟ ಸೀಮೆಯಲ್ಲಿ ಆಟಿಸಂ, ಎಡಿಎಚ್‌ಡಿ

ಸೊಲ್ಲಾಪುರದಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ದಾರಿಯಲ್ಲಿ ಸಿಗುವ ಊರು ಬೋರಾಮಣಿ. ಅದು ಸೇರಿರುವ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲೂ ನೆರೆಯ ಅಕ್ಕಲಕೋಟದಲ್ಲೂ ಕನ್ನಡ ಮನೆಮಾತಿನ ಕುಟುಂಬಗಳು ತಲೆತಲಾಂತರದಿಂದ ಇವೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಅವುಗಳಿಗೆ ಕನ್ನಡದಲ್ಲೇ ಪಠ್ಯಪುಸ್ತಕ ಒದಗಿಸುತ್ತದೆ. ಗಡಿಯಾಚೆ ಕರ್ನಾಟಕದ ಆಳಂದ, ಅಫಜಲಪುರ, ಇಂಡಿ ತಾಲೂಕುಗಳ ಕಡೆ ಹೆಣ್ಣು ಕೊಟ್ಟು ತರುವ ನಂಟೂ ಉಂಟು. ಆದರೆ ಮಗುವಿಗೆ ಮೂರು ತುಂಬಿದರೂ ಮಾತು ಬಾರದಿದ್ದರೆ, ಎರಡನೇ ಇಯತ್ತೆಗೆ ಬಂದರೂ ಕೂತಲ್ಲಿ ಕೂರದಿದ್ದರೆ ಮನೆಯವರು ಹೋಗುವುದು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ, ಇಲ್ಲವೇ ಖಾಸಗಿ ದವಾಖಾನೆಗೆ. ಅಲ್ಲಿನ ವ್ಯವಹಾರವೆಲ್ಲ ಮುಖ್ಯವಾಗಿ ಮರಾಠಿ.

ಮುರಿದ ಕೈಗೆ ಭಾಷೆ ಬೇಕಿಲ್ಲ, ಎಕ್ಸ್‌ರೇ ಸಾಕು. ಆಟಿಸಂ, ಎಡಿಎಚ್‌ಡಿಗಳ ಮಾತು ಬೇರೆ. ಇವನ್ನು ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಮನೆಯವರು ಹೇಳಿದ್ದು, ಗುರುಗಳು ಕಂಡದ್ದು, ತಜ್ಞರ ಕಣ್ಣೆದುರು ಮಗು ಆಡಿದ್ದು, ಇಷ್ಟೇ ಸಾಕ್ಷ್ಯ. ಆದ್ದರಿಂದ ಯಾವ ಭಾಷೆಯಲ್ಲಿ ಕೇಳಲಾಯಿತು, ಯಾರನ್ನು ಕೇಳಲಾಯಿತು ಎಂಬುದು ನಿರ್ಣಯದ ತಿರುಳಿಗೇ ಸೇರಿದ ಪ್ರಶ್ನೆ.

ಈ ಅರಿವು ಈ ಭಾಗಕ್ಕೆ ಹೊಸದೇನಲ್ಲ. ಧಾರವಾಡದ ಮಕ್ಕಳೊಡನೆ ಕೆಲಸ ಮಾಡಿದ ವಿ.ವಿ. ಕಾಮತರು ಬಿನೆಯ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆಂದೇ ಪರಿಷ್ಕರಿಸಿ, 1934ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಧಾರವಾಡವೂ ಸೊಲ್ಲಾಪುರವೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಬಿನೆ–ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರ ಮಾನಕಗಳು ತೀರ ಹಳತಾದವೆಂಬ ಆಕ್ಷೇಪ ಸರಿಯಾದದ್ದೇ. ಆದರೂ ಮಗುವನ್ನು ಅದರ ಮನೆಮಾತಿನಲ್ಲೇ ಅಳೆಯಬೇಕೆಂಬ ಅವರ ನಿಲುವು ಹಳತಾಗಿಲ್ಲ.

ಈಗ ಆಟಿಸಂನ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಅಳತೆಗೋಲು ಐಎಸ್‌ಎಎ (ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ). ಸಿಕಂದರಾಬಾದಿನ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ ಇದರಲ್ಲಿ ಆರು ವಿಭಾಗ, 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಮೊತ್ತ 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಅಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರಾಚೆ ತೀವ್ರ. ‘ನಾನು’, ‘ನೀನು’ಗಳನ್ನು ಮಗು ಅದಲುಬದಲು ಮಾಡುತ್ತದೆಯೇ ಎಂಬುದೂ ಈ 40ರಲ್ಲಿ ಒಂದು. ಕನ್ನಡದ ಮನೆಗಳಲ್ಲಿ ಸರ್ವನಾಮ ಬಿಟ್ಟು ಮಾತಾಡುವುದೇ ಹೆಚ್ಚು. ಪುರುಷಭೇದ ಕ್ರಿಯಾಪದದ ತುದಿಯಲ್ಲಿರುತ್ತದೆ. “ಹಾಲು ಕುಡೀತಿಯೇನು?” ಎಂದು ತಾಯಿ ಕೇಳಿದಾಗ ಮಗು “ಕುಡೀತೀನಿ” ಎನ್ನದೆ “ಕುಡೀತಿ” ಎಂದರೆ ಅದಲುಬದಲು ನಡೆದೇಹೋಯಿತು. ಕನ್ನಡ ಬಾರದ ಕಿವಿಗೆ ಅದು ಕೇಳಿಸದು. ದುಭಾಷಿಯಾಗಿ ಕೂತ ತಂದೆಯಂತೂ ಮಗ ಕುಡಿಯುತ್ತೇನೆ ಅಂದ ಎಂದು ತಾನೇ ತಿದ್ದಿ ಮರಾಠಿಯಲ್ಲಿ ಹೇಳಿಬಿಡಬಹುದು. ಒಂದು ಲಕ್ಷಣ ಅಲ್ಲಿಗೆ ಕಾಗದದಿಂದ ಜಾರಿತು.

ತಾಯಿಯನ್ನು ನೇರವಾಗಿ ಕೇಳಿದರೆ ಸಿಗುವ ಮಾಹಿತಿಯೇ ಬೇರೆ. “ಆಕಾಶದಾಗ ವಿಮಾನ ಹೊಂಟ್ರ ಬೆರಳು ಮಾಡಿ ನಿನಗ ತೋರಸ್ತಾನೇನವ್ವಾ?” ಎಂಬ ಪ್ರಶ್ನೆಗೆ, “ಇಲ್ರಿ, ಏನರೆ ಬೇಕಾದ್ರ ನನ್ನ ಕೈ ಹಿಡದು ಎಳಕೊಂಡು ಹೋಗ್ತಾನ್ರಿ” ಎಂಬ ಉತ್ತರ ಬಂದರೆ ಅನುಭವಿ ತಜ್ಞರು ಎಚ್ಚೆತ್ತು ಕೂರುತ್ತಾರೆ. ಬೇಕಾದ್ದನ್ನು ಕೇಳಲು ತಾಯಿಯ ಕೈಯನ್ನೇ ಸಾಧನವಾಗಿ ಬಳಸುವುದು, ಕಂಡ ಸೊಗಸನ್ನು ಮತ್ತೊಬ್ಬರೊಡನೆ ಹಂಚಿಕೊಳ್ಳಲು ಬೆರಳು ಮಾಡದಿರುವುದು, ಎರಡೂ ಆಟಿಸಂನ ಮುಖ್ಯ ಸುಳಿವುಗಳು.

ತಪ್ಪು ಎದುರು ದಿಕ್ಕಿನಲ್ಲೂ ಆದೀತು. ಅರಿಯದ ಭಾಷೆಯಲ್ಲಿ ಕರೆದಾಗ ಮಗು ತಿರುಗದಿರಬಹುದು, ಹೇಳಿದ್ದು ಮಾಡದಿರಬಹುದು; ಹಿರಿಯರೆದುರು ಕಣ್ಣು ತಗ್ಗಿಸುವುದು ಹಳ್ಳಿಯ ಮಕ್ಕಳಿಗೆ ಮೈಗೂಡಿದ ನಡತೆ. ಮಾತು ತಡವಾದ ಯಾವುದೇ ಮಗುವಿಗೂ ಮೊದಲು ಕಿವಿಯ ತಪಾಸಣೆ ಆಗಬೇಕು, ಆಮೇಲೆ ಉಳಿದದ್ದು.

ಎಡಿಎಚ್‌ಡಿಯ ನಿರ್ಣಯಕ್ಕೆ ಶಾಲೆಯ ಮಾತು ಇನ್ನೂ ಅಗತ್ಯ. ಲಕ್ಷಣಗಳು 12 ವರ್ಷದೊಳಗೆ ಕಂಡಿರಬೇಕು, ಆರು ತಿಂಗಳಾದರೂ ಉಳಿದಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆ ಕಾಣಬೇಕು. ಕಬ್ಬು ಕಡಿಯಲು ತಂದೆತಾಯಿಯ ಜೊತೆ ಹಂಗಾಮಿನುದ್ದಕ್ಕೂ ಊರು ಬಿಡುವ ಮಗು ಮರಳಿ ಬಂದಾಗ ಪಾಠದಲ್ಲಿ ಗಮನವಿಡದಿದ್ದರೆ ಅದು ಕಾಯಿಲೆಯಲ್ಲ, ತಪ್ಪಿಹೋದ ಪಾಠವಿರಬಹುದು. ಇತ್ತ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕಿಟಕಿ ನೋಡುತ್ತ ಕೂರುವ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಹಾಗಾಗಿಯೇ ಅವಳ ಎಡಿಎಚ್‌ಡಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದು. ಆಟಿಸಂ ಇರುವ ಮಗುವಿಗೆ ಎಡಿಎಚ್‌ಡಿಯನ್ನೂ ಹೇಳಬಹುದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದು 2013ರಲ್ಲಿ. ಅಲ್ಲಿಯವರೆಗೆ ಒಂದನ್ನು ಬರೆದರೆ ಇನ್ನೊಂದನ್ನು ಬರೆಯುವಂತಿರಲಿಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅದರ 30 ಸ್ಥಿತಿಗಳ ಪಟ್ಟಿಯಲ್ಲಿ ಆಟಿಸಂ, ಎಡಿಎಚ್‌ಡಿ ಎರಡೂ ಇವೆ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅನುಮಾನವಿದ್ದ ಮಗುವನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ಹೊರೆ ಸಣ್ಣದಲ್ಲ. ಪಲ್ವಲ್, ಕಾಂಗ್ಡಾ, ಢೇಂಕಾನಾಲ್, ಉತ್ತರ ಗೋವಾ, ಹೈದರಾಬಾದುಗಳಲ್ಲಿ 3,964 ಮಕ್ಕಳನ್ನು ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2ರಿಂದ 9 ವಯಸ್ಸಿನ ಮಕ್ಕಳಲ್ಲಿ ಸುಮಾರು 12 ಪ್ರತಿಶತಕ್ಕೆ ನರವಿಕಾಸದ ಒಂದಲ್ಲ ಒಂದು ತೊಂದರೆಯಿತ್ತು.

ಹೆಸರಿಟ್ಟ ಮೇಲೆ ಮುಂದೇನು? ಕೆಲವರು ಕೊಡುವ ಮೊದಲ ಸಲಹೆಯೇ ಹಾನಿಯದು: ಕನ್ನಡ ಬಿಡಿ, ಮನೆಯಲ್ಲೂ ಒಂದೇ ಶಾಲೆಭಾಷೆ ಆಡಿ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದೂ ಇಲ್ಲ, ಅದಿರುವ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆಂಬುದಕ್ಕೆ ಸಂಶೋಧನೆಯ ಬೆಂಬಲವೂ ಇಲ್ಲ. ತಾಯಿಗೆ ಸರಾಗವಲ್ಲದ ಭಾಷೆಯನ್ನು ಹೇರಿದರೆ ಮಗುವಿನೊಡನೆ ಆಕೆಯ ಮಾತೇ ಕಡಿಮೆಯಾಗುತ್ತದೆ. ಮಗುವಿಗೆ ಬೇಕಾದ್ದು ಅದೇ ಮಾತು.

ಔಷಧಕ್ಕೂ ಸ್ಥಾನವಿದೆ. ಆರು ದಾಟಿದ ಮಗುವಿನ ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಚೆನ್ನಾಗಿ ಪರೀಕ್ಷೆಗೊಳಗಾದ ಮದ್ದು. ಹಸಿವು, ನಿದ್ದೆ, ತೂಕದ ಮೇಲೆ ಕಣ್ಣಿಟ್ಟು ತಜ್ಞ ವೈದ್ಯರೇ ಕೊಡಬೇಕು. ಅದಕ್ಕಿಂತ ಚಿಕ್ಕವರಿಗೆ ಮೊದಲು ತಂದೆತಾಯಿಗೆ ತರಬೇತಿ. ಆಟಿಸಂನ ಮೂಲ ಲಕ್ಷಣಗಳಿಗೆ ಮಾತ್ರೆಯಿಲ್ಲ. ಹೊಲ ಮಾರಿ ಕಾಂಡಕೋಶ ಚಿಕಿತ್ಸೆಗೆ ಹೊರಡುವವರು ಒಂದು ವಿಷಯ ತಿಳಿದಿರಬೇಕು: ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಕೆಲಸಕ್ಕೆ ಬರುವುದು ಮನೆಯಲ್ಲಿ ನಡೆಯುವ ಕಲಿಕೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ತಂದೆತಾಯಿಗೆ ಹೇಳಿಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಮಗುವಿನ ನೋಟ ಎತ್ತ ಹೋಗಿದೆಯೋ ಅದನ್ನೇ ಹಿಡಿದು ಮಾತಾಡುವುದು ತಂದೆತಾಯಿಗೆ ಒಗ್ಗಿತು. ಮಕ್ಕಳೂ ತಾವಾಗಿಯೇ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. 2016ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪೋಷಕ ತರಬೇತಿಯೂ ಇದೇ ಜಾಡಿನದು: ಒಂಬತ್ತು ಗುಂಪು ಸಭೆ, ಮೂರು ಮನೆಭೇಟಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡ ಮರಾಠಿ ಎರಡೂ ಬಲ್ಲ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಇಂಥದ್ದು ನಿಲುಕದ ಕೆಲಸವಲ್ಲ.

ಕಾನೂನಿನ ಒಂದು ಕೊರತೆ ಮಾತ್ರ ಊರಿನ ಮಟ್ಟದಲ್ಲಿ ಬಗೆಹರಿಯದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಭಾಷೆಯ ಕೊರತೆಗೆ ಇಂಥ ನೆಪವಿಲ್ಲ. ಕನ್ನಡ ಮಕ್ಕಳ ಮಾತು, ಭಾಷೆಯನ್ನು ಅಳೆಯುವ ಪರೀಕ್ಷೆಗಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ದಶಕಗಳಿಂದ ರೂಪುಗೊಂಡಿವೆ. ಅದು ಕರ್ನಾಟಕ ಸರಕಾರದ್ದಲ್ಲ, ಕೇಂದ್ರ ಆರೋಗ್ಯ ಸಚಿವಾಲಯದ್ದು. ಸೊಲ್ಲಾಪುರ ಜಿಲ್ಲಾಡಳಿತ ಅವನ್ನು ಕೇಳಿ ತರಿಸಿಕೊಳ್ಳಲು ರಾಜ್ಯದ ಗಡಿ ಅಡ್ಡಬರುವುದಿಲ್ಲ.