ಹಳದಿ ಟವೆಲ್ಲಿನ ಊರು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟಕ್ಕೂ ನಮ್ಮ ಶಾಲೆಯ ಮೈದಾನದಲ್ಲಿ ಹುಡುಗರು ಆಡುವ ಕಾಲ್ಚೆಂಡಿಗೂ ಸಂಬಂಧ ಕಡಿಮೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಿಂದ ಎಸೆಯುತ್ತಾರೆ, ಎದೆಗವಚಿಕೊಂಡು ಓಡುತ್ತಾರೆ, ಓಡುವವನನ್ನು ಎದುರಾಳಿಗಳು ಕೆಡವುತ್ತಾರೆ. ಅದರ ನಿಯಮಗಳು ನನಗೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಆದರೆ ಪಿಟ್ಸ್‌ಬರ್ಗ್ ಎಂಬ ಊರು ತನ್ನ ತಂಡವನ್ನು ಹಚ್ಚಿಕೊಂಡ ಬಗೆ ಮಾತ್ರ ಇತಿಹಾಸ ಕಲಿಸುವವರು ಗಮನಿಸಬೇಕಾದದ್ದು.

ಪಿಟ್ಸ್‌ಬರ್ಗ್ ಉಕ್ಕಿನ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪೋಲೆಂಡ್, ಸ್ಲೊವಾಕಿಯಾ, ಇಟಲಿ, ಹಂಗೇರಿ ಕಡೆಗಳಿಂದ ಬಂದ ಬಡವರು ಅಲ್ಲಿನ ಕುಲುಮೆಗಳ ಮುಂದೆ ಬೆಂದರು. ಒಂದೊಂದು ಪಂಗಡಕ್ಕೂ ಅದರದೇ ಚರ್ಚು, ಅದರದೇ ಕೇರಿ. 1933ರಲ್ಲಿ ಐರಿಷ್ ಮೂಲದ ಆರ್ಟ್ ರೂನಿ 2,500 ಡಾಲರ್ ಕಟ್ಟಿ ಅಲ್ಲೊಂದು ತಂಡ ಮಾಡಿದರು. 1940ರಲ್ಲಿ ಅದಕ್ಕೆ ಸ್ಟೀಲರ್ಸ್ ಎಂದು ಹೆಸರಾಯಿತು. ಹೆಸರು ಉಕ್ಕಿನದಾದರೂ ಆಟ ಗಟ್ಟಿಯಾಗಲಿಲ್ಲ. ನಲವತ್ತು ವರ್ಷ ಒಂದೇ ಒಂದು ನಾಕೌಟ್ ಪಂದ್ಯವನ್ನೂ ಗೆಲ್ಲಲಿಲ್ಲ.

ನನ್ನ ಚಿಕ್ಕಪ್ಪ ಆ ಊರಿಗೆ ಹೋದದ್ದು 1971ರಲ್ಲಿ. 1965ರ ವಲಸೆ ಕಾಯಿದೆ ದೇಶವಾರು ಕೋಟಾ ತೆಗೆದುಹಾಕಿ ನಮ್ಮ ಇಂಜಿನಿಯರು, ಡಾಕ್ಟರುಗಳಿಗೆ ಬಾಗಿಲು ತೆರೆದಿತ್ತು. ಮರುವರ್ಷ ಡಿಸೆಂಬರ್ 23ರಂದು ಓಕ್‌ಲ್ಯಾಂಡ್ ರೈಡರ್ಸ್ ಜೊತೆ ಪಂದ್ಯ. ಊರಿನಲ್ಲೇ ನಡೆಯುವ ಪಂದ್ಯವನ್ನು ಆ ಊರಿನ ಟಿವಿಯಲ್ಲಿ ತೋರಿಸಬಾರದೆಂಬ ಕಟ್ಟಳೆ ಆಗ ಇತ್ತು. ಹಾಗಾಗಿ ಚಿಕ್ಕಪ್ಪ ಸ್ಲೊವಾಕ್ ಮೂಲದ ಸಹೋದ್ಯೋಗಿಯೊಬ್ಬನ ಅಡುಗೆಮನೆಯಲ್ಲಿ ರೇಡಿಯೋ ಮುಂದೆ ಕೂತಿದ್ದರು. 22 ಸೆಕೆಂಡು ಉಳಿದಿದೆ, 7-6ರ ಹಿನ್ನಡೆ. ಬ್ರ್ಯಾಡ್‌ಶಾ ಎಸೆದ ಚೆಂಡು ಢಿಕ್ಕಿಯಲ್ಲಿ ಹಿಂದಕ್ಕೆ ಚಿಮ್ಮಿತು. ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಫ್ರಾಂಕೊ ಹ್ಯಾರಿಸ್ ಎಂಬ ಹೊಸ ಹುಡುಗ ಅದನ್ನೆತ್ತಿಕೊಂಡು ಗುರಿಗೆರೆ ದಾಟಿಬಿಟ್ಟ. 13-7.

'ಕಡೆಗೂ ನಾವು ಗೆದ್ದೆವು' ಎಂದು ಚಿಕ್ಕಪ್ಪ ಬರೆದ ನೀಲಿ ಏರೋಗ್ರಾಂ ನಮ್ಮ ಮನೆಯ ಟ್ರಂಕಿನಲ್ಲಿದೆ. ಅದರ ಅಂಚಿನಲ್ಲಿ ಅಜ್ಜ ಪೆನ್ಸಿಲಿನಿಂದ 'ನಾವು ಅಂದರೆ ಯಾರು?' ಎಂದು ಗೀಚಿದ್ದಾರೆ. ಮಗ ಕೈತಪ್ಪಿದ ಎಂಬ ಸಂಕಟ ಆ ಮೂರು ಪದಗಳಲ್ಲಿತ್ತು. ನೆಂಟರಿಷ್ಟರೂ ಬಹಳ ವರ್ಷ ಅದನ್ನೇ ಹೇಳಿದರು.

ನಾನು ಒಪ್ಪುವುದಿಲ್ಲ. ಆ ಕ್ರೀಡಾಂಗಣದಲ್ಲಿ ಯಾರು ಕೂತಿದ್ದರು ನೋಡಿ. ಹ್ಯಾರಿಸ್‌ನ ತಂದೆ ಕರಿಯ ಸೈನಿಕ, ತಾಯಿ ಯುದ್ಧಾನಂತರ ಬಂದ ಇಟಲಿಯ ಹೆಣ್ಣುಮಗಳು. ಆದ್ದರಿಂದ ಊರಿನ ಇಟಾಲಿಯನ್ನರು ಸಿಪಾಯಿ ಟೊಪ್ಪಿಗೆ ಹಾಕಿಕೊಂಡು 'ಫ್ರಾಂಕೋನ ಇಟಾಲಿಯನ್ ಸೇನೆ' ಕಟ್ಟಿದರು. ಜ್ಯಾಕ್ ಹ್ಯಾಮ್ ಎಂಬ ಆಟಗಾರನಿಗೆ ಸ್ಲಾವ್ ಮೂಲದವರು 'ದೋಬ್ರೆ ಶುಂಕಾ' ಎಂದು ಬ್ಯಾನರ್ ಹಿಡಿದರು. ಒಳ್ಳೆಯ ಹಂದಿತೊಡೆ ಎಂದರ್ಥ. (ಇದನ್ನು ಚಿಕ್ಕಪ್ಪ ಅಜ್ಜನಿಗೆ ಬರೆಯಲಿಲ್ಲ!) ರೇಡಿಯೋದಲ್ಲಿ ಮಾತಾಡುತ್ತಿದ್ದ ಮೈರನ್ ಕೋಪ್ ಯಹೂದಿ. ಉದ್ವೇಗ ಬಂದರೆ 'ಯೊಯಿ!' ಎನ್ನುತ್ತಿದ್ದರು, ನಮ್ಮ 'ಅಯ್ಯೋ'ದ ಹಾಗೆ. ತಂತಮ್ಮ ಮನೆಮಾತು ಬಿಟ್ಟು ಬರಬೇಕೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಚಿಕ್ಕಪ್ಪನೂ ಬಿಡಲಿಲ್ಲ. ಅದೇ ದಶಕದಲ್ಲಿ ಪೆನ್ ಹಿಲ್ಸ್ ಗುಡ್ಡದ ಮೇಲೆ ವೆಂಕಟೇಶ್ವರನ ಗುಡಿ ಎದ್ದಿತು. ಭಾನುವಾರ ಬೆಳಿಗ್ಗೆ ಅವರು ಗುಡಿಯಲ್ಲಿ, ಮಧ್ಯಾಹ್ನ ರೇಡಿಯೋ ಮುಂದೆ.

ಹಳದಿ ಟವೆಲ್ಲಿನ ಕಥೆ 1975ರದು. ಪ್ರೇಕ್ಷಕರನ್ನು ಹುರಿದುಂಬಿಸಲು ಏನಾದರೂ ಬೇಕೆಂದು ರೇಡಿಯೋದವರು ಕೇಳಿದಾಗ, ಎಲ್ಲರ ಮನೆಯಲ್ಲೂ ಇರುವ ಟವೆಲ್ಲನ್ನೇ ತಂದು ಬೀಸಿರೆಂದರು ಕೋಪ್. ಆ ಟವೆಲ್ಲಿನ ಹಕ್ಕನ್ನು ಅವರು 1996ರಲ್ಲಿ ತಮ್ಮ ಅಂಗವಿಕಲ ಮಗ ಇದ್ದ ಶಾಲೆಗೆ ಬಿಟ್ಟುಕೊಟ್ಟರು. ಅಷ್ಟು ದೊಡ್ಡ ಮನಸ್ಸು ಆಟದ ಲೋಕದಲ್ಲಿ ಅಪರೂಪ.

ತಂಡ ಆರು ಋತುಗಳಲ್ಲಿ ನಾಲ್ಕು ಬಾರಿ ದೇಶಕ್ಕೇ ಮೊದಲಾಯಿತು, 1980ರ ಜನವರಿಯದು ನಾಲ್ಕನೆಯದು. ಅಷ್ಟರಲ್ಲಿ ಕುಲುಮೆಗಳು ಆರತೊಡಗಿದ್ದವು. ಹೋಮ್‌ಸ್ಟೆಡ್‌ನ ಹೆಸರಾಂತ ಕಾರ್ಖಾನೆ 1986ರಲ್ಲಿ ಮುಚ್ಚಿತು. ಅದರ ಹನ್ನೆರಡು ಚಿಮಣಿಗಳು ಮಾತ್ರ ಈಗ ಅಂಗಡಿಸಾಲಿನ ಪಕ್ಕ ನಿಂತಿವೆ. ಅಜ್ಜಂದಿರು ಹಡಗಿನಲ್ಲಿ ಬಂದ ಊರನ್ನು ಮೊಮ್ಮಕ್ಕಳು ಕಾರಿನಲ್ಲಿ ಸಾಮಾನು ತುಂಬಿಕೊಂಡು ಬಿಟ್ಟರು. ಟೆಕ್ಸಾಸ್, ಫ್ಲಾರಿಡಾ, ಎಲ್ಲಿ ಕೆಲಸ ಸಿಕ್ಕಿತೋ ಅಲ್ಲಿಗೆ. ಇಂದು ಯಾವ ಊರಿನಲ್ಲಿ ಸ್ಟೀಲರ್ಸ್ ಆಡಿದರೂ ಹಳದಿ ಟವೆಲ್ಲು ಕಾಣುವುದಕ್ಕೆ ಆ ಗುಳೆಯೂ ಒಂದು ಕಾರಣ.

ಚಿಕ್ಕಪ್ಪನ ಗೆಳೆಯನೂ ಹ್ಯೂಸ್ಟನ್ನಿಗೆ ಹೋದ. ಅಲ್ಲೇ ಹುಟ್ಟಿದವನು ಹೊರಟ, ಮೈಸೂರಿನಿಂದ ಹೋದವರು ಉಳಿದರು. ಟೆಕ್ಸಾಸಿನ ಟಿವಿಯಲ್ಲಿ ಪಂದ್ಯ ಬಾರದ ಭಾನುವಾರ ಚಿಕ್ಕಪ್ಪ ಅವನಿಗೆ ಫೋನು ಹಚ್ಚಿ, ರೇಡಿಯೋ ಪಕ್ಕದಲ್ಲಿ ರಿಸೀವರ್ ಇಡುತ್ತಿದ್ದರಂತೆ. ಕೊನೆಯ ಕಾಲುಗಂಟೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಬಿಲ್ಲು ನೋಡಿ ಚಿಕ್ಕಮ್ಮ ಸುಮ್ಮನಿರುತ್ತಿರಲಿಲ್ಲ.