ಹೆಲ್ಮೆಟ್ಟಿನಡಿ ಉಳಿದ ಹತ್ತಿಯ ಟೋಪಿ

1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ ನಡೆಯುವುದು ಜುಲೈನಲ್ಲಿ, ದಕ್ಷಿಣ ಫ್ರಾನ್ಸಿನ ಡಾಂಬರು ಕರಗುವ ತಿಂಗಳಲ್ಲಿ. ನೆರಳಿಲ್ಲದ ದಾರಿಯಲ್ಲಿ ದಿನವಿಡೀ ಪೆಡಲ್ ತುಳಿಯುವ ಹೆಚ್ಚಿನ ಸವಾರರ ತಲೆಗೆ ದಶಕಗಳ ಕಾಲ ಇದ್ದದ್ದು ಗಿಡ್ಡ ಅಂಚಿನ ತೆಳು ಹತ್ತಿಯ ಟೋಪಿ ಮಾತ್ರ. ತಂಪಿಗೆಂದು ಅದರೊಳಗೆ ಎಲೆಕೋಸಿನ ಎಲೆ ಇಟ್ಟುಕೊಳ್ಳುವವರಿದ್ದರು. ಊರ ನಲ್ಲಿ ಕಂಡರೆ ಟೋಪಿ ನೆನೆಸಿಕೊಂಡು ಮುಂದೆ ಸಾಗುತ್ತಿದ್ದರು.

ಬಿಸಿಲು ಕೊಲ್ಲಬಲ್ಲದು. 1967ರ ಟೂರ್‌ನಲ್ಲಿ, ಜುಲೈ 13ರಂದು, ಮರಗಳಿಲ್ಲದ ಮೊಂ ವಾಂಟೂ ಬೆಟ್ಟ ಏರುತ್ತಿದ್ದ ಬ್ರಿಟನ್ನಿನ ಟಾಮ್ ಸಿಂಪ್ಸನ್ ಕುಸಿದು ತೀರಿಕೊಂಡರು. ಆ ಸಾವಿನಲ್ಲಿ ಸೆಕೆಯ ಜೊತೆ ಉದ್ದೀಪನ ಮದ್ದಿನ ಪಾಲೂ ಇತ್ತು. ಅಲ್ಲಿರುವ ಅವರ ಸ್ಮಾರಕದ ಬುಡದಲ್ಲಿ ಸೈಕಲ್ ಸವಾರರು ಇಂದಿಗೂ ನೀರಿನ ಬಾಟಲಿ, ಟೋಪಿಗಳನ್ನು ಇಟ್ಟು ಬರುತ್ತಾರೆ. ಅದಕ್ಕಿಂತ ತಕ್ಕ ಕಾಣಿಕೆ ಇನ್ನೇನಿದ್ದೀತು!

ಹೆಲ್ಮೆಟ್ ಹಾಕಿದರೆ ಸೆಕೆ ಹೆಚ್ಚುತ್ತದೆ ಎಂಬುದು ಸವಾರರ ಆಕ್ಷೇಪಗಳಲ್ಲೊಂದಾಗಿತ್ತು. 1991ರ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಹೆಲ್ಮೆಟ್ ಕಡ್ಡಾಯದ ವಿರುದ್ಧ ಸವಾರರೇ ಮುಷ್ಕರ ಹೂಡಿದರು. ನಿಯಮ ಹಿಂದೆ ಸರಿಯಿತು. 1995ರ ಟೂರ್‌ನಲ್ಲಿ ಪಿರನೀಸ್ ಬೆಟ್ಟಗಳ ಇಳಿಜಾರಿನಲ್ಲಿ ಸವಾರ ಫಾಬಿಯೋ ಕಸಾರ್ತೆಲ್ಲಿ ಬಿದ್ದು ಸತ್ತರೂ ಆ ನಿಯಮ ಮರಳಲಿಲ್ಲ. 2003ರ ಮಾರ್ಚ್‌ನಲ್ಲಿ ಅದೇ ಪ್ಯಾರಿಸ್–ನೀಸ್‌ನಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ತಲೆಗೆ ಪೆಟ್ಟಾಗಿ ಪ್ರಾಣ ಬಿಟ್ಟ ಮೇಲಷ್ಟೇ, ಆ ವರ್ಷದ ಮೇ ತಿಂಗಳಿಂದ ಹೆಲ್ಮೆಟ್ ಕಡ್ಡಾಯವಾಯಿತು. ಆಗಲೂ ಬೆಟ್ಟದ ತುದಿಯಲ್ಲಿ ಮುಗಿಯುವ ಪಂದ್ಯಗಳ ಕೊನೆಯ ಏರಿನಲ್ಲಿ ಅದನ್ನು ತೆಗೆಯಲು ಕೆಲಕಾಲ ಅವಕಾಶವಿತ್ತು.

ಟೋಪಿ ಮಾತ್ರ ಹೋಗಲಿಲ್ಲ, ಹೆಲ್ಮೆಟ್ಟಿನಡಿ ಸೇರಿಕೊಂಡಿತು. ಹತ್ತಿ ಬೆವರು ಹೀರಿ ಕಣ್ಣಿಗಿಳಿಯದಂತೆ ತಡೆಯುತ್ತದೆ. ಹೆಲ್ಮೆಟ್ಟಿನ ಕಿಂಡಿಗಳಿಂದ ನುಗ್ಗುವ ಗಾಳಿಗೆ ಆ ಒದ್ದೆ ಬಟ್ಟೆ ಆರುತ್ತ ನೆತ್ತಿಯನ್ನು ತಂಪಾಗಿಸುತ್ತದೆ.