ವಿಶ್ವವಿದ್ಯಾಲಯಕ್ಕಿಂತ ಮೊದಲು ಹಾಸ್ಟೆಲ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಟ್ಟಿ, ಕೇರಿ, ತಾಂಡಾಗಳಿಂದ ಮೊದಮೊದಲು ಪದವಿ ಪಡೆದವರ ಚರಿತ್ರೆಯನ್ನು ಕಾಲೇಜುಗಳ ಚರಿತ್ರೆಯಲ್ಲಿ ಹುಡುಕಿದರೆ ಅರ್ಧವಷ್ಟೇ ಸಿಕ್ಕೀತು. ಉಳಿದರ್ಧ ಇರುವುದು ಹಾಸ್ಟೆಲ್ಲುಗಳಲ್ಲಿ. ಅಮೆರಿಕದ ಕಪ್ಪು ಜನರಿಗೆ ಅವರದೇ ಸರ್ಕಾರಿ ವಿಶ್ವವಿದ್ಯಾಲಯಗಳು ಮಾಡಿಕೊಟ್ಟ ಕೆಲಸದ ದೊಡ್ಡ ಪಾಲನ್ನು ನಮ್ಮ ಕಡೆ ಮಾಡಿದ್ದು ಹಾಸ್ಟೆಲ್ ಎಂಬುದು ನನ್ನ ವಾದ. ಅಲ್ಲಿ 1890ರ ಮಾರಿಲ್ ಕಾಯ್ದೆ ರಾಜ್ಯಗಳ ಮುಂದೆ ಒಂದು ಷರತ್ತು ಇಟ್ಟಿತು: ಕೃಷಿ, ತಾಂತ್ರಿಕ ಕಾಲೇಜಿಗೆ ಕೇಂದ್ರದ ಹಣ ಬೇಕಿದ್ದರೆ ಕಪ್ಪು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಿ, ಇಲ್ಲವೇ ಅವರಿಗೆ ಬೇರೆ ಕಾಲೇಜು ಕಟ್ಟಿ. ದಕ್ಷಿಣದ ರಾಜ್ಯಗಳು ಬೇರೆ ಕಾಲೇಜನ್ನೇ ಕಟ್ಟಿದವು. ನಾರ್ತ್ ಕೆರೊಲಿನಾದ ಎ ಅಂಡ್ ಟಿ 1891ರಲ್ಲಿ ಹುಟ್ಟಿದ್ದು ಹಾಗೆ.

ಮೈಸೂರು ಸಂಸ್ಥಾನದ ದಾರಿ ಬೇರೆ. 1910ರ ದಶಕದಲ್ಲಿ ಸರ್ಕಾರಿ ಶಾಲೆಗಳ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆದಾಗ ಮೇಲ್ಜಾತಿಗಳಿಂದ ಗಲಾಟೆಯಾಯಿತು. ಆದರೂ ಕಾಗದದ ಮೇಲಿನ ನೀತಿ ಎಲ್ಲರಿಗೂ ಒಂದೇ ಶಾಲೆ ಎಂದೇ ಆಯಿತು. 1916ರ ಮೈಸೂರು ವಿಶ್ವವಿದ್ಯಾಲಯವೂ ಜಾತಿಗೊಂದರಂತೆ ಒಡೆಯಲಿಲ್ಲ. ಒಡೆದದ್ದು ತರಗತಿಯ ಹೊರಗೆ. ಜಗಳೂರಿನ ಬೆದ್ದಲು ಸೀಮೆಯಿಂದಲೋ, ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬುವ ಸೂರಗೊಂಡನಕೊಪ್ಪದ ಆಸುಪಾಸಿನ ತಾಂಡಾದಿಂದಲೋ ಪೇಟೆಗೆ ಬಂದ ಹುಡುಗನಿಗೆ ಕಾಲೇಜು ಸೀಟು ಕೊಡಬಹುದು, ಬಾಡಿಗೆ ಕೋಣೆ ಕೊಡುವವರು ಯಾರು? ಮನೆ ಮಾಲೀಕ ಊರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ ‘ನೀವು ಯಾವ ಪೈಕಿ?’ ಅನ್ನುವಷ್ಟರಲ್ಲಿ ಓದು ಮುಗಿದುಹೋಗುತ್ತಿತ್ತು. ಟ್ರಂಕು ಇಡಲು ಒಂದು ಮೂಲೆ, ಎರಡು ಹೊತ್ತು ಮುದ್ದೆ ಸಾರು, ರಾತ್ರಿ ಓದಲು ದೀಪ: ಇಷ್ಟನ್ನು ಕೊಟ್ಟದ್ದು ಹಾಸ್ಟೆಲ್. 1979ರಲ್ಲಿ ದಾವಣಗೆರೆ ಬಳಿಯ ತೋಳಹುಣಸೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು, 1987ರಲ್ಲಿ ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಎಂ.ಎ. ಓದು ಮನೆ ಹತ್ತಿರಕ್ಕೆ ಬಂದದ್ದು ನಿಜ. ಆದರೆ ಅಲ್ಲಿಯವರೆಗೆ ಏರಿ ಬರಲು ಹೈಸ್ಕೂಲಿನಿಂದಲೇ ಮೆಟ್ಟಿಲು ಬೇಕಿತ್ತಲ್ಲ.

ಹಾಸ್ಟೆಲ್ಲಿನಲ್ಲಿ ಪಾಠವಿಲ್ಲ, ಪ್ರಾಧ್ಯಾಪಕರಿಲ್ಲ, ಹೋಲಿಕೆ ಎಳೆದು ತಂದದ್ದು ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ಹುರುಳಿದೆ. ಕಪ್ಪು ವಿಶ್ವವಿದ್ಯಾಲಯಗಳು ತಮ್ಮವರೇ ಆದ ಅಧ್ಯಾಪಕರನ್ನು ಬೆಳೆಸಿದವು, ತಮ್ಮ ದಾಖಲೆಗಳನ್ನು ಕಾಪಾಡಿಕೊಂಡವು. ನಮ್ಮ ಹಾಸ್ಟೆಲ್ಲಿಗೆ ಸಿಕ್ಕಿದ್ದು ಒಬ್ಬ ವಾರ್ಡನ್ ಮತ್ತು ಹಾಜರಿ ಪುಸ್ತಕ. ಆದರೆ ವಿದ್ಯಾಸಂಸ್ಥೆಯ ಫಲವನ್ನು ಅಳೆಯಲು ಪಾಠವೊಂದೇ ಸಾಕೆ? 1960ರ ಫೆಬ್ರುವರಿ 1ರಂದು ಗ್ರೀನ್ಸ್‌ಬರೋದ ವೂಲ್‌ವರ್ತ್ ಅಂಗಡಿಯಲ್ಲಿ, ಬಿಳಿಯರಿಗಷ್ಟೇ ಊಟ ಬಡಿಸುವ ಕಟ್ಟೆಯ ಮುಂದೆ ಕೂತು ಏಳಲೊಪ್ಪದ ನಾಲ್ವರು ಹುಡುಗರು ಅದೇ ಎ ಅಂಡ್ ಟಿಯವರು. ಅವರ ಧೈರ್ಯ ಕುದಿದದ್ದು ತರಗತಿಯಲ್ಲಲ್ಲ, ರಾತ್ರಿ ಹಾಸ್ಟೆಲ್ ಕೋಣೆಯ ಹರಟೆಯಲ್ಲಿ. ಇತ್ತ ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಅದಕ್ಕೆ ಕಾಲಾಳುಗಳನ್ನು ಒದಗಿಸಿದ್ದರಲ್ಲಿ ದಲಿತ ಹಾಸ್ಟೆಲ್ಲುಗಳು ಮುಂದು.

ಇನ್ನೊಂದು ಮಾತಿದೆ: ಪ್ರತ್ಯೇಕ ಹಾಸ್ಟೆಲ್ ಎಂದರೆ ಜಾತಿಗೋಡೆಯನ್ನು ಸರ್ಕಾರವೇ ಗಟ್ಟಿ ಮಾಡಿದಂತೆ ಎಂದು. ಹಾಗಿದ್ದರೆ ಮಠಗಳ, ಲಿಂಗಾಯತ, ಒಕ್ಕಲಿಗ ಸಮುದಾಯಗಳ ಹಾಸ್ಟೆಲ್ಲುಗಳ ಮೇಲೂ ಇದೇ ಆಕ್ಷೇಪ ಇರಬೇಕಿತ್ತು. ಅವು ಸಮಾಜಸೇವೆ, ಇವು ಗೋಡೆ ಎನ್ನುವುದು ಯಾವ ನ್ಯಾಯವೋ! ಅಂಬೇಡ್ಕರ್ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನೂ 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದನ್ನೂ ಶುರುಮಾಡಿದಾಗ ಬಾಗಿಲನ್ನು ಎಲ್ಲರಿಗೂ ತೆರೆದೇ ಇಟ್ಟಿದ್ದರು. ಕರ್ನಾಟಕದಲ್ಲಿ ಆ ಅಳತೆಯ ಕಾಲೇಜು ಬೆಳೆಯಲಿಲ್ಲ; ಅದರ ನಷ್ಟ ದೊಡ್ಡದು. ಹಾಸ್ಟೆಲ್ಲಿನ ಹುಡುಗ ಪದವಿ ಮುಗಿಸಿ ಟ್ರಂಕು ಎತ್ತಿಕೊಂಡು ಹೋದರೆ ಅವನ ನೆನಪನ್ನು ಕಾಯುವ ಸಂಸ್ಥೆಯೇ ಅಲ್ಲಿಲ್ಲ. ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳ ಹಾಸ್ಟೆಲ್ಲುಗಳ ಹಳೆಯ ದಾಖಲಾತಿ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿಂದ ಅವನ್ನು ಹೊರತೆಗೆದು ತೋಳಹುಣಸೆಯ ಗ್ರಂಥಾಲಯಕ್ಕೆ ಸೇರಿಸುವ ಕೆಲಸವನ್ನು ಅಲ್ಲಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕು, ಗೆದ್ದಲಿಗಿಂತ ಮೊದಲು.